ಸೌರಫಲಕಗಳ ಶುಚಿತ್ವ

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ತನ್ನ ಪುಷ್ಕರಣಿಯಿಂದ ಹೆಸರಾದ ಊರು. 16ನೆಯ ಶತಮಾನದಲ್ಲಿ ನಿರ್ಮಾಣವಾದ ಆ ಕಲ್ಲಿನ ಕೊಳ ಇಂದಿಗೂ ನೋಡುಗರ ಕಣ್ಮನಗಳನ್ನು ಸೆಳೆಯುತ್ತದೆ. ಊರಿನ ಸುತ್ತಲಿನ ಸೀಮೆ ಅಡಕೆ ತೋಟಗಳದು, ಬತ್ತದ ಗದ್ದೆಗಳದು. ಸುಗ್ಗಿ ಬಂದಿತೆಂದರೆ ಕಣದ ಹೊಟ್ಟು ಗಾಳಿಗೆ ಹಾರುತ್ತದೆ. ಬೇಸಗೆಯಲ್ಲಿ ರಸ್ತೆಯ ಧೂಳು ಮಾಳಿಗೆಯನ್ನೇರುತ್ತದೆ. ಇಂತಹ ಸೀಮೆಯಲ್ಲಿ ಮನೆಯ ಮೇಲೊಂದು ಸೌರಫಲಕವನ್ನು ಇರಿಸಿದರೆ ಅದರ ಮೇಲೂ ಧೂಳು ಕೂರುವುದು ಸಹಜ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಸೂರ್ಯಘರ್ ಯೋಜನೆಯನ್ನು ಆರಂಭಿಸಿ, ಚಾವಣಿಯ ಮೇಲೆ ಫಲಕಗಳನ್ನು ಅಳವಡಿಸಿಕೊಳ್ಳುವವರಿಗೆ ಸಹಾಯಧನ ನೀಡತೊಡಗಿತು. ಆದುದರಿಂದ ಫಲಕವನ್ನು ಶುಚಿಯಾಗಿಡುವ ಕ್ರಮವನ್ನು ಅರಿಯುವುದು ಈಗ ಪ್ರತಿಯೊಂದು ಮನೆಗೂ ಅಗತ್ಯವಾಗಿದೆ.

ಫಲಕದ ಮೇಲ್ಭಾಗದಲ್ಲಿರುವುದು ಹದಗೊಳಿಸಿದ ಗಾಜು. ಅದರ ಕೆಳಗೆ ಸಿಲಿಕಾನ್ ಎಂಬ ಮೂಲವಸ್ತುವಿನಿಂದ ಮಾಡಿದ ತೆಳುವಾದ ಸೌರಕೋಶಗಳಿವೆ. ಒಂದೊಂದು ಕೋಶವೂ ಸುಮಾರು ಅರ್ಧ ವೋಲ್ಟಿನಷ್ಟು ವಿದ್ಯುತ್ತನ್ನು ಉಂಟುಮಾಡುತ್ತದೆ. ಹೂವಿನ ಸರದಂತೆ ಕೋಶಗಳನ್ನು ಒಂದರ ಹಿಂದೊಂದು ಜೋಡಿಸಿರುವುದರಿಂದ ಒಂದು ಕೋಶಕ್ಕೆ ಮರೆಯಾದರೆ ಇಡೀ ಸರಣಿಯ ಪ್ರವಾಹವೇ ಕುಗ್ಗುತ್ತದೆ. ತೆಳುವಾಗಿ ಹರಡಿದ ಧೂಳು ಎಲ್ಲ ಕೋಶಗಳ ಬೆಳಕನ್ನೂ ಸ್ವಲ್ಪಸ್ವಲ್ಪ ತಗ್ಗಿಸುತ್ತದೆ. ಆದರೆ ಹಕ್ಕಿಯ ಹಿಕ್ಕೆಯೋ ಒಣಗಿದ ಎಲೆಯೋ ಒಂದೇ ಕಡೆ ಅಂಟಿ ಕುಳಿತರೆ ತೊಂದರೆ ಹೆಚ್ಚು. ಮರೆಯಾದ ಕೋಶವು ವಿದ್ಯುತ್ತನ್ನು ಕೊಡುವ ಬದಲು ತಾನೇ ಹೀರಿಕೊಂಡು ಕಾಯುತ್ತದೆ. ಈ ಅಪಾಯವನ್ನು ತಗ್ಗಿಸಲು ಫಲಕದಲ್ಲಿ ಡಯೋಡುಗಳನ್ನು ಇರಿಸಿರುತ್ತಾರೆ. ಆದರೂ ಬಹುಕಾಲ ಹಾಗೆಯೇ ಬಿಟ್ಟರೆ ಕೋಶವು ಸುಟ್ಟುಹೋಗಬಹುದು.

ಧೂಳು ಇಳುವರಿಯನ್ನು ತಗ್ಗಿಸುತ್ತದೆ, ನಿಜ; ಆದರೆ ಅವಿವೇಕದ ಶುಚಿಕಾರ್ಯವು ಫಲಕವನ್ನೇ ಕೆಡಿಸುತ್ತದೆ. ಮಡಕೆ ಪಾತ್ರೆಗಳನ್ನು ಬೂದಿ, ತೆಂಗಿನ ನಾರುಗಳಿಂದ ತಿಕ್ಕುವುದು ಮನೆಗಳ ರೂಢಿ. ಗಾಜಿಗೆ ಆ ಉಪಚಾರ ಸಲ್ಲದು. ಬೂದಿ, ಮರಳು, ಸೋಪಿನ ಪುಡಿ, ತಂತಿಯ ಉಜ್ಜು ಇವು ಗಾಜಿನ ಮೇಲಿನ ಸೂಕ್ಷ್ಮ ಲೇಪವನ್ನು ಗೀರುತ್ತವೆ. ಬೆಳಕು ಪ್ರತಿಫಲಿಸಿ ವ್ಯರ್ಥವಾಗದಂತೆ ತಡೆಯುವುದೇ ಆ ಲೇಪದ ಕೆಲಸ. ಗೀರಿದ ಗಾಜನ್ನು ಮತ್ತೆ ನುಣುಪುಗೊಳಿಸಲಾಗದು.

ಹಾಗಾದರೆ ತೊಳೆಯುವ ಕ್ರಮವೇನು? ಮುಂಜಾನೆ, ಬಿಸಿಲೇರುವ ಮೊದಲೇ ಈ ಕೆಲಸವನ್ನು ಮುಗಿಸಬೇಕು. ನಡುಹಗಲಿನಲ್ಲಿ ಫಲಕವು 60 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯುವುದುಂಟು; ಆಗ ತಣ್ಣೀರು ಸುರಿದರೆ ಗಾಜು ಬಿರಿಯಬಹುದು. ಮೊದಲು ನೀರನ್ನು ಮೆಲ್ಲನೆ ಹರಿಸಿ ಧೂಳನ್ನು ನೆನೆಸಬೇಕು. ಬಳಿಕ ಮೃದುವಾದ ಬಟ್ಟೆಯನ್ನೋ ಉದ್ದ ಹಿಡಿಯ ಮೆತ್ತನೆಯ ಕುಂಚವನ್ನೋ ಹಿಡಿದು ಮೇಲಿನಿಂದ ಕೆಳಕ್ಕೆ ಒರೆಸಬೇಕು. ಒಣಗಿದ ಹಿಕ್ಕೆಯನ್ನು ಕೆರೆಯದೆ ನೆನೆಯಲು ಬಿಡಬೇಕು. ಕೊಳವೆಬಾವಿಯ ಗಡಸು ನೀರು ಆರಿದ ಮೇಲೆ ಬಿಳಿಯ ಕಲೆಯನ್ನು ಉಳಿಸುತ್ತದೆ. ಆದುದರಿಂದ ಮಳೆಯ ನೀರು ಲೇಸು. ಗಡಸು ನೀರೇ ಗತಿಯಾದರೆ ಅದು ಆರುವ ಮುನ್ನ ಒರೆಸಿಬಿಡಬೇಕು. ಫಲಕದ ಕೆಳ ಅಂಚಿನಲ್ಲಿ ನಿಲ್ಲುವ ಕೆಸರಿನ ಗೆರೆಯನ್ನು ಕಡೆಗಣಿಸಬಾರದು.

ಫಲಕಕ್ಕಿಂತಲೂ ಪ್ರಾಣ ದೊಡ್ಡದು. ಇನ್ವರ್ಟರನ್ನು ನಿಲ್ಲಿಸಿದರೂ ಬೆಳಕು ಬೀಳುತ್ತಿರುವವರೆಗೆ ಫಲಕಗಳಲ್ಲಿಯೂ ಅವುಗಳ ತಂತಿಗಳಲ್ಲಿಯೂ ವೋಲ್ಟೇಜು ಇದ್ದೇ ಇರುತ್ತದೆ. ಹಲವು ಫಲಕಗಳನ್ನು ಜೋಡಿಸಿದಲ್ಲಿ ಅದು ನೂರಾರು ವೋಲ್ಟುಗಳಿಗೇರಬಹುದು. ಆದುದರಿಂದ ಒಡೆದ ಗಾಜು, ಕಿತ್ತ ತಂತಿ ಕಂಡರೆ ನೀರು ಹಾಕದೆ ದೂರ ಸರಿದು, ಬಲ್ಲ ಕೆಲಸಗಾರರನ್ನು ಕರೆಯಿಸಬೇಕು. ಫಲಕದ ಮೇಲೆ ಕಾಲಿಡಲೇಬಾರದು. ತುಳಿತದಿಂದ ಒಳಗಿನ ಕೋಶಗಳಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಮೂಡುತ್ತವೆ. ಇಳಿಜಾರಾದ ಒದ್ದೆ ಚಾವಣಿಯನ್ನು ಮಕ್ಕಳು ಏರಕೂಡದು. ನೆಲದಲ್ಲೋ ಗಟ್ಟಿಯಾದ ತಾರಸಿಯ ಮೇಲೋ ನಿಂತು ಉದ್ದ ಹಿಡಿಯಿಂದ ಎಟುಕುವಷ್ಟನ್ನೇ ತೊಳೆದರೆ ಸಾಕು.

ಒಂದು ಮನೆಯ ನಾಲ್ಕಾರು ಫಲಕಗಳಿಗೆ ಕೆಲವು ಕೊಡ ನೀರು ಸಾಲುತ್ತದೆ. ಆದರೆ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಗಳಲ್ಲಿ ಸೌರವಿದ್ಯುತ್ ಉದ್ಯಾನವು ಹರಡಿದೆ. ಅದರ ಸಾಮರ್ಥ್ಯ 2,050 ಮೆಗಾವ್ಯಾಟ್. ಮೇಲಿಂದ ಮೇಲೆ ಬರ ಕಂಡ ಆ ನೆಲದಲ್ಲಿ ಫಲಕಗಳಿಗೆ ಬಳಸುವ ಒಂದೊಂದು ಹನಿಯೂ ಲೆಕ್ಕಕ್ಕೆ ಬರುತ್ತದೆ. ಆದಕಾರಣವೇ ಒಣ ಪ್ರದೇಶಗಳ ಸೌರಸ್ಥಾವರಗಳು ನೀರಿಲ್ಲದೆ ಮೃದು ಕುಂಚದಿಂದ ಧೂಳನ್ನು ತೆಗೆಯುವ ಯಂತ್ರಗಳತ್ತ ಒಲವು ತೋರುತ್ತಿವೆ. ಮನೆಯವರೂ ದಿನವೂ ತೊಳೆಯಬೇಕಾಗಿಲ್ಲ. ಮಳೆಗಾಲದಲ್ಲಿ ವಾಲಿದ ಫಲಕವನ್ನು ಮಳೆಯೇ ಬಹುಮಟ್ಟಿಗೆ ತೊಳೆಯುತ್ತದೆ. ಧೂಳಿನ ಕಾಲದಲ್ಲಿ ಮೀಟರನ್ನು ಗಮನಿಸುತ್ತಿದ್ದು, ಒಳ್ಳೆಯ ಬಿಸಿಲಿದ್ದರೂ ಇಳುವರಿ ಇಳಿದಾಗ ಕೈಹಚ್ಚಿದರೆ ಸಾಕು.

ಸೂರ್ಯನ ಬೆಳಕಿಗೆ ಬೆಲೆ ತೆರಬೇಕಾಗಿಲ್ಲ. ಅದನ್ನು ವಿದ್ಯುತ್ತಾಗಿಸುವ ಫಲಕವನ್ನಾದರೋ ದುಡಿದ ಹಣದಿಂದ ಕೊಳ್ಳಬೇಕು. ಹದವರಿತು ನೋಡಿಕೊಂಡರೆ ಅದು 25 ವರ್ಷಗಳ ಕಾಲ ಮನೆಗೆ ಬೆಳಕು ನೀಡಬಲ್ಲದು. ಒಂದು ದಿನದ ಒರಟು ಕೈ ಅಷ್ಟನ್ನೂ ಕಳೆಯಬಲ್ಲದು.