ದೊಡ್ಡ ಕೋಣೆ ಯಾರಿಗೆ?

ಹೊಸಪೇಟೆಯಿಂದ ಹಂಪಿಗೆ ಹೋಗುವಾಗ, ಹಂಪಿ ಇನ್ನು ನಾಲ್ಕೈದು ಕಿಲೋಮೀಟರ್ ಇದೆ ಎನ್ನುವಲ್ಲಿ ಕಡ್ಡಿರಾಂಪುರ ಸಿಗುತ್ತದೆ. 2011ರಲ್ಲಿ ವಿರೂಪಾಕ್ಷ ಬಜಾರಿನ ಮನೆ-ಅಂಗಡಿಗಳನ್ನು ತೆರವು ಮಾಡಿದಾಗ ಅಲ್ಲಿನ ಕುಟುಂಬಗಳಿಗೆ ನಿವೇಶನ ತೋರಿಸಿದ್ದು ಈ ಊರಿನಲ್ಲೇ. 2020ರಲ್ಲಿ ನದಿಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳೂ ನೆಲಸಮವಾದವು. ಹೀಗಾಗಿ ಹಂಪಿ ನೋಡಲು ಬರುವ ಸಂಸಾರಸ್ಥರು ಕೋಣೆ ಹುಡುಕುವುದು ಹೆಚ್ಚಾಗಿ ಹೊಸಪೇಟೆ, ಕಮಲಾಪುರ ಮತ್ತು ಈ ಕಡ್ಡಿರಾಂಪುರದ ಸುತ್ತ.

2025ರ ದಸರಾ ರಜೆಯಲ್ಲಿ ನಾವೂ ಹುಡುಕಿದೆವು. ನಾವಿಬ್ಬರು, ದ್ವಿತೀಯ ಪಿಯುಸಿ ಓದುವ ಮಗಳು, ಮಂಡಿನೋವಿನ ನನ್ನ ತಾಯಿ. ಒಂದು ಹೋಟೆಲಿನವರು ಸೂಟ್ ಇದೆ ಎಂದರು. ಮಲಗಲು ಒಂದು ಕೋಣೆ, ಕೂರಲು ಇನ್ನೊಂದು, ನಡುವೆ ಬಾಗಿಲು. (ಕೆಲವು ಕಡೆ ತುಸು ದೊಡ್ಡ ಕೋಣೆಗೇ ಸೂಟ್ ಎನ್ನುವುದುಂಟು, ಬಾಗಿಲು ಇದೆಯೇ ಎಂದು ಕೇಳಿಯೇ ಹಣ ಕಟ್ಟಬೇಕು.)

"ಅಪ್ಪಾ, ನಾವು ಕೋಣೆಯಲ್ಲಿ ಎಷ್ಟು ಹೊತ್ತು ಇರ್ತೀವಿ?" ಎಂದಳು ಮಗಳು.

ಕೇಳಬೇಕಾದ ಪ್ರಶ್ನೆಯೇ. ಮೊದಲ ರಾತ್ರಿ ನಾವು ತಲುಪುವಾಗಲೇ ಹತ್ತು ಗಂಟೆ. ಬೆಳಿಗ್ಗೆ ಎದ್ದು ಹೊರಡುವುದು. ಅಂಥ ರಾತ್ರಿಗೆ ಶುಚಿಯಾದ ಹಾಸಿಗೆ, ಬಿಸಿನೀರು ಸಾಕು. ಹೊಸಪೇಟೆಯ ಸಾಧಾರಣ ಲಾಡ್ಜಿನಲ್ಲಿ ಉಳಿದೆವು.

ಮಗಳು ಎರಡನೇ ದಿನದ ಲೆಕ್ಕ ಬರೆದಳು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5. ಅದನ್ನು ದಾಟಿದರೆ ಇಡೀ ಬಾಡಿಗೆಗೆ ಶೇ 18. ಉದಾಹರಣೆಗೆ ನಾಲ್ಕು ಸಾವಿರದ ಎರಡು ಕೋಣೆ ಹಿಡಿದರೆ ತೆರಿಗೆ ಸೇರಿ 8,400. ಎಂಟು ಸಾವಿರದ ಒಂದೇ ಸೂಟಿಗೆ 9,440. ಬಾಡಿಗೆ ಒಂದೇ, ಕೊಡುವುದು 1,040 ಹೆಚ್ಚು. 7,500ರ ಕೋಣೆ ಬಿಟ್ಟು 8,000ದ್ದಕ್ಕೆ ಹೋದರಂತೂ ಐನೂರರ ಆಸೆಗೆ 1,565 ರೂಪಾಯಿ ತೆರಬೇಕು. ಕಾಲೇಜು ಶುಲ್ಕದ ಕಂತು ಕಾದು ಕೂತಿರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

"ಎರಡು ಕೋಣೆಯೇ ಲಾಭ," ಎಂದೆ.

"ರಾತ್ರಿ ಅಜ್ಜಿ ಎದ್ದರೆ?"

ಆಗ ಲೆಕ್ಕ ತಿರುಗಿತು. ಕೋಣೆಯಲ್ಲಿ ಎಷ್ಟು ಹೊತ್ತು ಎಂದು ನಾವು ಕೇಳಿಕೊಂಡಿದ್ದು ನಮ್ಮ ಮೂವರ ಬಗ್ಗೆ. ವಿರೂಪಾಕ್ಷನ ದರ್ಶನ ಮುಗಿಸಿದರೆ ಅಮ್ಮನ ಮಂಡಿ ಸಾಕು ಎನ್ನುತ್ತದೆ. ವಿಠ್ಠಲ ದೇವಸ್ಥಾನದ ದಾರಿ, ಮಾತಂಗ ಪರ್ವತದ ಮೆಟ್ಟಿಲು ಅವರಿಗಲ್ಲ. ಅವರು ಎಂಟಕ್ಕೆ ದೀಪ ಆರಿಸುವವರು. ಮಗಳು ಹನ್ನೊಂದರವರೆಗೆ ಓದುವವಳು. ಒಂದೇ ಕೋಣೆಯಲ್ಲಿ ಒಬ್ಬರ ದೀಪ ಇನ್ನೊಬ್ಬರ ನಿದ್ದೆ ಕೆಡಿಸುತ್ತದೆ. ಎರಡು ಕೋಣೆಯಾದರೆ ಅಮ್ಮನ ಜೊತೆ ಮಲಗುವುದು ಮಗಳೇ, ದೀಪದ ಜಗಳ ಅಲ್ಲೂ ತಪ್ಪದು. ನನ್ನ ಹೆಂಡತಿ ಜೊತೆಗೆ ಮಲಗಿದರೆ? "ನನ್ನಿಂದ ಎಲ್ಲರಿಗೂ ತಾಪತ್ರಯ" ಎಂದು ಅಮ್ಮ ರಾತ್ರಿಯಿಡೀ ಕೊರಗುತ್ತಾರೆ. ನಡುವಿನ ಆ ಬಾಗಿಲಿಗಾಗಿ 1,040 ಕೊಡಬಹುದು ಎನಿಸಿತು. ಆದರೆ ಒಂದೇ ರಾತ್ರಿ.

ಮಧ್ಯಾಹ್ನ ಹನ್ನೆರಡಕ್ಕೆ ಒಳಗೆ ಹೋದೆವು, ಮರುದಿನ ಹನ್ನೆರಡಕ್ಕೆ ಬಿಟ್ಟೆವು. ಹಂಪಿ ಉತ್ಸವವೋ, ಉದ್ದನೆಯ ವಾರಾಂತ್ಯವೋ ಆಗಿದ್ದರೆ ದರ ಕೇಳಿಯೇ ಹಿಂದಿರುಗುತ್ತಿದ್ದೆವು. ಆ ಇಪ್ಪತ್ತನಾಲ್ಕು ಗಂಟೆಯಲ್ಲಿ ನಾವು ಮೂವರು ಬಳಸಿದ್ದು ಹನ್ನೆರಡೋ ಹದಿಮೂರೋ. ಅಮ್ಮ ಮಾತ್ರ ಪೂರ್ತಿ ಬಳಸಿದರು.

ವಿಠ್ಠಲ ದೇವಸ್ಥಾನ ನೋಡಿ ಸಂಜೆ ಮರಳಿದಾಗ ಅವರು ಬಾಳೆತೋಟದ ಕಡೆಯ ಕಿಟಕಿಗೆ ಕುರ್ಚಿ ಎಳೆದುಕೊಂಡು ಕೂತಿದ್ದರು. "ಕಲ್ಲಿನ ರಥ ಹೇಗಿತ್ತು, ಹೇಳೇ," ಎಂದರು. ಮಗಳು ಚಪ್ಪಲಿ ಬಿಟ್ಟು ಅಲ್ಲೇ ನೆಲದ ಮೇಲೆ ಕೂತು ಹೇಳತೊಡಗಿದಳು. ಅಂದು ಅಮ್ಮ ಎಂಟಕ್ಕೆ ಮಲಗಲಿಲ್ಲ.