ಅಡ್ಡಗೆರೆಯ ಆಚೆ ನಮ್ಮದೇ ಹೆಸರು

ಕಾಗಿಣಾ ನದಿ ದಂಡೆಯ ಮಳಖೇಡ ಇನ್ನೂ ಮಾನ್ಯಖೇಟವಾಗಿದ್ದ 9ನೆಯ ಶತಮಾನ. ದೊರೆ ನೃಪತುಂಗನ ಆಸ್ಥಾನದ ಶ್ರೀವಿಜಯ ‘ಕವಿರಾಜಮಾರ್ಗ’ದಲ್ಲಿ ಒಂದು ತಕರಾರು ತೆಗೆದ: ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಕಂಡಕಂಡಂತೆ ಸಮಾಸ ಮಾಡಿದರೆ, ಕಾಯುತ್ತಿರುವ ಹಾಲಿಗೆ ಮಜ್ಜಿಗೆ ಹನಿಸಿದ ಹಾಗೆ.

ನಿಗದಿತ ಹೆಸರುಗಳ ಜೊತೆ ತಮ್ಮ ಹೆಸರನ್ನು ಬೆರೆಸುವ ಬಗ್ಗೆ ವೆಬ್ ಪುಟ ಕಟ್ಟುವವರೂ ಇದೇ ಜಗಳ ಆಡಿದ್ದಾರೆ.

ಯಾವ ಟ್ಯಾಗಿಗೆ ಯಾವ ಆಟ್ರಿಬ್ಯೂಟ್ (ಟ್ಯಾಗಿನೊಳಗೆ ಹೆಸರು, ಮೌಲ್ಯವಾಗಿ ಬರೆಯುವ ವಿವರ) ಎಂದು ವೆಬ್ ಪುಟ ಬರೆಯುವ ಭಾಷೆಯಾದ 1999ರ ಎಚ್‌ಟಿಎಂಎಲ್ 4.01 ಪಟ್ಟಿ ಮಾಡಿಟ್ಟಿತ್ತು. ಶಹಾಬಾದ್ ಕಲ್ಲು ಮಾರುವ ಅಂಗಡಿಯ ಪುಟವೊಂದನ್ನು ನೆನೆಸಿಕೊಳ್ಳಿ. ಚಿತ್ರ, ದರ ಗಿರಾಕಿಗೆ ಕಾಣುತ್ತವೆ. ಕಲ್ಲಿನ ದಪ್ಪ, ಗಣಿಯ ಊರು ಕಾಣಬೇಕಿಲ್ಲ. ಆದರೆ ಹುಡುಕಿ ಜೋಡಿಸುವ ಜಾವಾಸ್ಕ್ರಿಪ್ಟ್‌ಗೆ ಬೇಕು. ಅವನ್ನು ಬರೆಯುವುದೆಲ್ಲಿ? ಕೆಲವರು ‘ಕ್ಲಾಸ್’ ಆಟ್ರಿಬ್ಯೂಟಿನ ಒಳಗೆ ತುರುಕಿದರು. ಡೋಜೋ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ‘ಡೋಜೋಟೈಪ್’ ಎಂಬ ಸ್ವಂತ ಹೆಸರನ್ನೇ ಹುಟ್ಟಿಸಿತು. ಬ್ರೌಸರ್ ತಕರಾರಿಲ್ಲದೆ ನುಂಗಿಕೊಂಡಿತು, ನಿಯಮ ಪರಿಶೀಲಿಸುವ ವ್ಯಾಲಿಡೇಟರ್ ಮಾತ್ರ ತಪ್ಪು ಎಂದಿತು.

2008ರ ಹೊತ್ತಿಗೆ ಎಚ್‌ಟಿಎಂಎಲ್5 ಕರಡಿನಲ್ಲಿ ರಾಜಿ ಸೂತ್ರ ಬಂತು. ಮೊದಲು ‘ಡೇಟಾ’, ನಂತರ ಒಂದು ಅಡ್ಡಗೆರೆ, ಅದರಾಚೆ ನಿಮ್ಮಿಷ್ಟದ ಹೆಸರು. 2014ರ ಅಕ್ಟೋಬರ್ 28ರಂದು ಎಚ್‌ಟಿಎಂಎಲ್5 ಅಧಿಕೃತ ಶಿಫಾರಸಾಯಿತು. ಫ್ರೇಮ್‌ವರ್ಕ್‌ಗಳು ಅಲ್ಲಿಯವರೆಗೆ ಕಾಯುತ್ತ ಕೂರಲಿಲ್ಲ. 2010ರ ರೈಲ್ಸ್ 3, ಪುಟದ ನಡುವೆ ಜಾವಾಸ್ಕ್ರಿಪ್ಟ್ ಸುರಿಯುವ ಹಳೆ ಚಾಳಿ ಬಿಟ್ಟು, ‘ಅಳಿಸಲೇ?’ ಎಂಬ ಪ್ರಶ್ನೆಯನ್ನು ‘ಡೇಟಾ-ಕನ್‌ಫರ್ಮ್’ ಆಟ್ರಿಬ್ಯೂಟ್‌ಗೆ ವಹಿಸಿತು.

ಮೈಕ್ರೋಸಾಫ್ಟ್ ಕಡೆಯವರ ಫಜೀತಿ ಹೆಚ್ಚು ಮಜವಾದದ್ದು. ಎಎಸ್‌ಪಿ ಡಾಟ್ ನೆಟ್ ಎಂವಿಸಿ ಫ್ರೇಮ್‌ವರ್ಕಿನ ಟೆಂಪ್ಲೇಟಿನಲ್ಲಿ ಆಟ್ರಿಬ್ಯೂಟ್‌ಗಳನ್ನು ಸಾಮಾನ್ಯವಾಗಿ ಸಿ ಶಾರ್ಪ್ ಭಾಷೆಯ ಹೆಸರುಗಳಾಗಿ ಕೊಡುತ್ತಿದ್ದರು. ಆ ಭಾಷೆಗೆ ಅಡ್ಡಗೆರೆ ಎಂದರೆ ಕಳೆಯುವ ಚಿಹ್ನೆ! ‘ಡೇಟಾ-ಊರು’ ಎಂದರೆ ಡೇಟಾದಿಂದ ಊರನ್ನು ಕಳೆಯಲು ಹೊರಡುತ್ತಿತ್ತು. 2011ರ ಜನವರಿಯಲ್ಲಿ ಬಂದ ಎಂವಿಸಿ 3 ಉಪಾಯ ಹುಡುಕಿತು: ನೀವು ಅಂಡರ್‌ಸ್ಕೋರ್ ಬರೆಯಿರಿ, ಪುಟ ಮೂಡುವಾಗ ಅದನ್ನು ಅಡ್ಡಗೆರೆ ಮಾಡುತ್ತೇನೆ. ‘ಕ್ಲಾಸ್’ ಕೂಡ ಆ ಭಾಷೆಯ ಕಾದಿರಿಸಿದ ಪದ. ಅದಕ್ಕೆ ಮುಂದೊಂದು ‘ಆಟ್’ ಚಿಹ್ನೆ ಅಂಟಿಸಬೇಕು. ಚಂದವೇನಲ್ಲ, ಕೆಲಸ ನಡೆಯುತ್ತದೆ. ರಿಯಾಕ್ಟ್ ಲೈಬ್ರರಿ ಅಂತೂ ತನಗೆ ಗೊತ್ತಿಲ್ಲದ ಆಟ್ರಿಬ್ಯೂಟ್‌ಗಳನ್ನು ಸದ್ದಿಲ್ಲದೆ ಬಿಸಾಡುತ್ತಿತ್ತು. ಅದು ನಿಂತದ್ದು 2017ರ 16ನೆಯ ಆವೃತ್ತಿಯಲ್ಲಿ. ಆದರೆ ‘ಡೇಟಾ’ ಹೆಸರಿನವು ಮೊದಲಿನಿಂದಲೂ ಬಚಾವು.

ಹೆಸರಿನಷ್ಟೇ ತಲೆನೋವು ಆ ಹೆಸರಿಗೆ ಕೊಡುವ ಮೌಲ್ಯದ್ದು. ಮೌಲ್ಯದೊಳಗೆ ಒಂದು ಉದ್ಧರಣ ಚಿಹ್ನೆ ನುಸುಳಿದರೆ ಆಟ್ರಿಬ್ಯೂಟ್ ಅಲ್ಲಿಗೇ ಮುಗಿಯುತ್ತದೆ, ಉಳಿದದ್ದು ಟ್ಯಾಗಿನೊಳಗೆ ಚೆಲ್ಲುತ್ತದೆ. ಕಿಡಿಗೇಡಿಗಳಿಗೆ ಅಷ್ಟು ಸಂದು ಸಾಕು. ಒಳ್ಳೆಯ ಟೆಂಪ್ಲೇಟು ಆ ಚಿಹ್ನೆಯನ್ನು ಸಂಕೇತವಾಗಿ ಬದಲಿಸಿಯೇ ಬರೆಯುತ್ತದೆ. ಟ್ಯಾಗನ್ನು ಕೈಯಾರೆ ಅಂಟಿಸುವವರು ಎಡವುವುದು ಇಲ್ಲೇ.

ಅಡ್ಡಗೆರೆಯ ಆಚೆ ಇಂಗ್ಲಿಷೇ ಇರಬೇಕೆಂದು ನಿಯಮದಲ್ಲಿಲ್ಲ. ಇಂಗ್ಲಿಷಿನ ದೊಡ್ಡಕ್ಷರ ಕೂಡದು, ಅಷ್ಟೆ. ಶಹಾಬಾದ್ ಕಲ್ಲಿನ ಪುಟದಲ್ಲಿ ‘ಊರು’ ಎಂದು ಕನ್ನಡದಲ್ಲೇ ಬರೆದರೂ ಎಚ್‌ಟಿಎಂಎಲ್ ಒಪ್ಪುತ್ತದೆ.