ಹಿಂದಿನ ಆಸನದಲ್ಲಿ ಕುಳಿತವರಿಗೂ ಬೇಕು ಸೀಟ್ ಬೆಲ್ಟ್

ಈ ಆರೋಗ್ಯ ವಿಭಾಗದಲ್ಲಿ ನಾವು ಸಾಮಾನ್ಯವಾಗಿ ಮಧುಮೇಹ, ರಕ್ತದೊತ್ತಡ, ಕೀಲುನೋವು, ಪಥ್ಯ ಮೊದಲಾದವುಗಳನ್ನು ಕುರಿತು ಬರೆಯುತ್ತೇವೆ. ಅವೆಲ್ಲ ಮನುಷ್ಯನಿಗೆ ಎಚ್ಚರಗೊಳ್ಳಲು ಅಷ್ಟಿಷ್ಟು ಕಾಲಾವಕಾಶ ಕೊಡುವ ತೊಂದರೆಗಳು. ರಸ್ತೆ ಅಪಘಾತ ಅಂಥ ಅವಕಾಶವನ್ನು ಕೊಡುವುದಿಲ್ಲ. ಬೆಳಗಿನ ಪೂಜೆ ಮುಗಿಸಿ, ಬುತ್ತಿ ಕಟ್ಟಿಕೊಂಡು, ಜಾತ್ರೆಗೋ ಮದುವೆಗೋ ಹೊರಟ ಆರೋಗ್ಯವಂತ ಸಂಸಾರವೊಂದು ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕದಲ್ಲಿರುತ್ತದೆ. ಆದ್ದರಿಂದ ಈ ತಿಂಗಳು ಔಷಧಿಯೂ ಅಲ್ಲದ, ಪಥ್ಯವೂ ಅಲ್ಲದ, ಸುಮಾರು ಎರಡು ಅಂಗುಲ ಅಗಲದ ಪಟ್ಟಿಯೊಂದನ್ನು ಕುರಿತು ಬರೆಯುವುದು ಉಚಿತವೆಂದು ಭಾವಿಸಿದ್ದೇವೆ.

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವಾರ್ಷಿಕ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನರು ಅಸುನೀಗಿದರು. ಅವರಲ್ಲಿ 16,715 ಮಂದಿ ಸೀಟ್ ಬೆಲ್ಟ್ ಧರಿಸದೆ ಪ್ರಯಾಣಿಸುತ್ತಿದ್ದವರು. ಈ ಸಂಖ್ಯೆಯನ್ನು ಬಿಡಿಸಿ ನೋಡಿದರೆ ನಮ್ಮ ಗಮನ ಸೆಳೆಯುವ ಸಂಗತಿಯೊಂದಿದೆ. ಅವರಲ್ಲಿ ಚಾಲಕರು 8,384, ಪ್ರಯಾಣಿಕರು 8,331. ಹೆಚ್ಚುಕಡಿಮೆ ಸರಿಸಮ. ಬೆಲ್ಟ್ ಧರಿಸಿದ್ದರೆ ಇವರೆಲ್ಲರೂ ಉಳಿಯುತ್ತಿದ್ದರೆಂದು ನಾವು ಹೇಳುವುದಿಲ್ಲ. ಆದರೆ ಸೀಟ್ ಬೆಲ್ಟ್ ಎಂಬುದು ಗಾಡಿ ಓಡಿಸುವವನಿಗೆ ಸೇರಿದ್ದು, ಸುಮ್ಮನೆ ಕುಳಿತವರಿಗೆ ಅದರ ಗೊಡವೆ ಬೇಡ ಎಂಬ ನಮ್ಮ ಸಾರ್ವತ್ರಿಕ ನಂಬಿಕೆಗೆ ಈ ಲೆಕ್ಕದಲ್ಲಿ ಯಾವ ಆಧಾರವೂ ದೊರೆಯುವುದಿಲ್ಲ.

ನಮ್ಮಲ್ಲಿ ಹಿಂದಿನ ಆಸನವೆಂದರೆ ಮರ್ಯಾದೆಯ ಜಾಗ. ಮನೆಯ ಹಿರಿಯರು, ಬಸುರಿಯರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ಮನೆಗೆ ಬಂದ ಬೀಗರು, ಎಲ್ಲರೂ ಕುಳಿತುಕೊಳ್ಳುವುದು ಅಲ್ಲಿಯೇ. ಪೂಜ್ಯರನ್ನು ಪಾದಪೂಜೆಗೆಂದು ಮನೆಗೆ ಬಿಜಯಂಗೈಸುವ ಭಕ್ತರು ಕಾರಿನ ಆಸನಕ್ಕೆ ಶುಭ್ರವಾದ ಮಡಿವಸ್ತ್ರ ಹಾಸುತ್ತಾರೆ, ಬಾಗಿಲನ್ನು ತಾವೇ ತೆರೆದು ನಿಲ್ಲುತ್ತಾರೆ. "ಬೆಲ್ಟ್ ಧರಿಸಬೇಕು ಬುದ್ಧಿ" ಎಂದು ಬಿನ್ನವಿಸುವುದಕ್ಕೆ ಮಾತ್ರ ಸಂಕೋಚಪಡುತ್ತಾರೆ. ಈ ಸಂಕೋಚ ಭಕ್ತಿಯ ಲಕ್ಷಣವೆಂದು ನಮಗೆ ತೋರುವುದಿಲ್ಲ.

2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿಯವರು ಗುಜರಾತಿನಿಂದ ಮುಂಬಯಿಗೆ ಮರಳುತ್ತಿದ್ದಾಗ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಸೂರ್ಯಾ ನದಿಯ ಸೇತುವೆಯ ಮೇಲೆ ಅವರಿದ್ದ ಕಾರು ತಡೆಗೋಡೆಗೆ ಅಪ್ಪಳಿಸಿತು. ಅದು ಬೆಲೆಬಾಳುವ, ಏರ್‌ಬ್ಯಾಗ್ ಮುಂತಾದ ರಕ್ಷಣಾ ಸಾಧನಗಳಿದ್ದ ಕಾರು. ಒಳಗಿದ್ದವರು ನಾಲ್ವರು. ಮುಂದೆ ಕುಳಿತಿದ್ದ ಇಬ್ಬರೂ ತೀವ್ರವಾಗಿ ಗಾಯಗೊಂಡರು, ಆದರೆ ಬದುಕಿದರು. ಹಿಂದೆ ಕುಳಿತಿದ್ದ ಇಬ್ಬರೂ, ಅಂದರೆ ಮಿಸ್ತ್ರಿಯವರು ಮತ್ತು ಅವರ ಸಹಪ್ರಯಾಣಿಕರು, ಮೃತಪಟ್ಟರು. ಹಿಂದಿನ ಇಬ್ಬರೂ ಸೀಟ್ ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದರು. ಆ ಸೇತುವೆ ಇರುವುದು 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ. ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳನ್ನು ಪೋಣಿಸಿಕೊಂಡು ಬರುವ, ನಮ್ಮ ಭಕ್ತರಲ್ಲಿ ಅನೇಕರು ವರ್ಷಕ್ಕೆ ಹತ್ತಾರು ಬಾರಿ ಓಡಾಡುವ ಹೆದ್ದಾರಿಯೂ ಅದೇ.

ಒಂದು ಅಪಘಾತವನ್ನು ಇಟ್ಟುಕೊಂಡು ಸಿದ್ಧಾಂತ ಹೇಳಬಾರದು, ನಿಜ. ಆದುದರಿಂದ ಢಿಕ್ಕಿಯ ಕ್ಷಣದಲ್ಲಿ ಶರೀರಕ್ಕೆ ಏನಾಗುತ್ತದೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ಕಾರಿನಲ್ಲಿ ಕುಳಿತವನ ದೇಹವೂ ಅದೇ ವೇಗದಲ್ಲಿಯೇ ಸಾಗುತ್ತಿರುತ್ತದೆ. ಕುಳಿತವನಿಗೆ ಅದು ಅರಿವಾಗದು, ಅಷ್ಟೆ. ಕಾರು ಮರಕ್ಕೋ ಲಾರಿಗೋ ಬಡಿದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತುಬಿಡುತ್ತದೆ. ದೇಹ ಮಾತ್ರ ಅದೇ 60ರ ವೇಗದಲ್ಲಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಹೀಗೆ ಹೋಗಿ ಬಡಿಯುವ ಪೆಟ್ಟು ಸುಮಾರು 14 ಮೀಟರ್ ಎತ್ತರದಿಂದ, ಎಂದರೆ ನಾಲ್ಕು ಅಂತಸ್ತಿನ ಕಟ್ಟಡದ ಮೇಲಿನಿಂದ ನೆಲಕ್ಕೆ ಬಿದ್ದ ಪೆಟ್ಟಿಗೆ ಸಮ. ವೇಗ 80 ಆದರೆ ಆ ಎತ್ತರ 25 ಮೀಟರ್. ಎದುರಿನ ಆಸನವನ್ನು ಕೈಯಿಂದ ಹಿಡಿದುಕೊಂಡು ಸಾವರಿಸಿಕೊಳ್ಳುತ್ತೇನೆ ಎನ್ನುವವರು ನಾಲ್ಕನೆಯ ಅಂತಸ್ತಿನಿಂದ ಬಿದ್ದು ಅಂಗೈ ಊರಿ ನಿಲ್ಲುತ್ತೇನೆ ಎಂದಂತಾಯಿತು.

ವೈದ್ಯರು ಇಲ್ಲಿ ಮೂರು ಢಿಕ್ಕಿಗಳನ್ನು ಹೇಳುತ್ತಾರೆ. ಮೊದಲನೆಯದು ಕಾರಿನದು. ಎರಡನೆಯದು ಕಾರಿನ ಒಳಭಾಗಕ್ಕೆ ನಮ್ಮ ಶರೀರ ಬಡಿಯುವುದು. ಮೂರನೆಯದು ಕಣ್ಣಿಗೆ ಕಾಣುವಂಥದಲ್ಲ. ಶರೀರ ನಿಂತ ಮೇಲೂ ಒಳಗಿನ ಅವಯವಗಳು ಮುಂದೆ ಸಾಗಿ ಮೂಳೆಯ ಗೋಡೆಗಳಿಗೆ ಬಡಿಯುತ್ತವೆ. ಮಿದುಳು ತಲೆಬುರುಡೆಗೆ ತಾಗುತ್ತದೆ, ಯಕೃತ್ತು ಮತ್ತು ಗುಲ್ಮ ಸೀಳುತ್ತವೆ, ಹೃದಯದಿಂದ ಹೊರಡುವ ಮಹಾಪಧಮನಿ ಹರಿಯುವುದೂ ಉಂಟು. ಹೊರಗೆ ಒಂದು ಗೀರೂ ಇಲ್ಲದೆ ವ್ಯಕ್ತಿ ತೀರಿಕೊಂಡನೆಂದು ಬಂಧುಗಳು ಬೆರಗಾಗುವುದು ಇಂಥ ಪ್ರಸಂಗಗಳಲ್ಲಿಯೇ.

ಸೀಟ್ ಬೆಲ್ಟ್ ಮೊದಲನೆಯ ಢಿಕ್ಕಿಯನ್ನು ತಡೆಯಲಾರದು. ಅದು ಎರಡನೆಯದನ್ನು ತಡೆದು ಮೂರನೆಯದನ್ನು ಮೆದುಗೊಳಿಸುತ್ತದೆ. ಕಾರಿನ ಮುಂಭಾಗ ನಜ್ಜುಗುಜ್ಜಾಗಲು ತೆಗೆದುಕೊಳ್ಳುವ ಅಲ್ಪಕಾಲದುದ್ದಕ್ಕೂ ದೇಹವನ್ನು ಆಸನಕ್ಕೆ ಬಿಗಿದು, ತಾನೂ ಸ್ವಲ್ಪ ಹಿಗ್ಗಿ, ವೇಗವನ್ನು ಹಂತಹಂತವಾಗಿ ಇಳಿಸುತ್ತದೆ. ಪೆಟ್ಟನ್ನು ತಲೆಗಾಗಲಿ ಹೊಟ್ಟೆಗಾಗಲಿ ಬೀಳಗೊಡದೆ ಹೆಗಲು, ಎದೆಮೂಳೆ, ಸೊಂಟದ ಮೂಳೆ ಎಂಬ ಗಟ್ಟಿ ಜಾಗಗಳಿಗೆ ಹಂಚುತ್ತದೆ. ಇಂದು ನಾವು ಕಾಣುವ, ಹೆಗಲಿನಿಂದ ಓರೆಯಾಗಿ ಇಳಿದು ತೊಡೆಯ ಮೇಲೆ ಅಡ್ಡ ಹಾಯುವ ಮೂರು ಬಿಂದುಗಳ ಬೆಲ್ಟನ್ನು 1959ರಲ್ಲಿ ರೂಪಿಸಿದವರು ಸ್ವೀಡನ್ ದೇಶದ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್. ಅದಕ್ಕೆ ಮುನ್ನ ಅವರು ವಿಮಾನಚಾಲಕರನ್ನು ಆಪತ್ತಿನಲ್ಲಿ ಆಸನಸಮೇತ ಹೊರಕ್ಕೆ ಚಿಮ್ಮಿಸುವ ಸಾಧನದ ಮೇಲೆ ಕೆಲಸ ಮಾಡಿದ್ದವರು. ಕಂಪನಿಯು ಈ ಬೆಲ್ಟಿನ ಹಕ್ಕುಸ್ವಾಮ್ಯವನ್ನು ತನ್ನಲ್ಲೇ ಬಚ್ಚಿಡದೆ ಇತರ ತಯಾರಕರೂ ಬಳಸಲು ಬಿಟ್ಟುಕೊಟ್ಟಿತು. ವ್ಯಾಪಾರ ಪ್ರಪಂಚದಲ್ಲಿ ಇಂಥ ದಾಸೋಹ ಅಪರೂಪ.

ಬೆಲ್ಟ್ ಧರಿಸುವವರು ಸ್ವಭಾವತಃ ಜಾಗರೂಕರು, ನಿಧಾನವಾಗಿ ಓಡಿಸುವವರು. ಅವರು ಬದುಕುವುದು ಆ ಗುಣದಿಂದಲೇ ಹೊರತು ಬೆಲ್ಟಿನಿಂದಲ್ಲ ಎಂದು ಕೆಲವರು ವಾದಿಸುತ್ತಾರೆ. ಪ್ರಶ್ನೆ ಸಾಧುವಾದುದೇ. ಇದಕ್ಕೆ ಉತ್ತರವಾಗಿ ಅಮೆರಿಕದಲ್ಲಿ ಸಂಶೋಧಕ ಲಿಯೊನಾರ್ಡ್ ಇವಾನ್ಸ್ ಅವರು 1986ರಲ್ಲಿ ಒಂದೇ ಕಾರಿನಲ್ಲಿ, ಒಂದೇ ಅಪಘಾತದಲ್ಲಿ ಅಕ್ಕಪಕ್ಕ ಕುಳಿತಿದ್ದವರನ್ನು ಪರಸ್ಪರ ಹೋಲಿಸಿ ನೋಡುವ ಕ್ರಮವನ್ನು ಅನುಸರಿಸಿದರು. ಆಗ ವೇಗ, ರಸ್ತೆ, ಗಾಡಿ, ಚಾಲಕನ ಸ್ವಭಾವ ಎಲ್ಲವೂ ಇಬ್ಬರಿಗೂ ಒಂದೇ. ಹಾಗೆ ನೋಡಿದಾಗಲೂ ಮುಂದಿನ ಆಸನಗಳಲ್ಲಿ ಬೆಲ್ಟಿನಿಂದ ಸಾವಿನ ಸಂಭವ ನೂರಕ್ಕೆ ಸುಮಾರು 40ರಷ್ಟು ತಗ್ಗುವುದು ಕಂಡುಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು ಮುಂದಿನ ಆಸನದವರಿಗೆ 45ರಿಂದ 50ರಷ್ಟು, ಹಿಂದಿನ ಆಸನದವರಿಗೆ 25ರಷ್ಟು ಎಂದು ಹೇಳುತ್ತದೆ. ಅತಿವೇಗದಲ್ಲಿ ಲಾರಿಯ ಅಡಿಗೆ ನುಗ್ಗಿದ ಕಾರಿನಲ್ಲಿ ಬೆಲ್ಟ್ ಏನನ್ನೂ ಮಾಡಲಾರದು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಸಾಯಬಹುದಾಗಿದ್ದ ಇಬ್ಬರಲ್ಲಿ ಹೆಚ್ಚುಕಡಿಮೆ ಒಬ್ಬರನ್ನು ಉಳಿಸುವ ಔಷಧಿಯೊಂದು ಅಂಗಡಿಯಲ್ಲಿ ದೊರೆಯುವಂತಿದ್ದರೆ ನಾವು ಎಷ್ಟು ಬೆಲೆ ತೆತ್ತಾದರೂ ತರುತ್ತಿದ್ದೆವು. ಇದು ಕಾರಿನ ಜೊತೆಯಲ್ಲೇ ಬಂದಿದೆ.

ಹಿಂದಿನ ಆಸನದವರ ಲಾಭ ಸಂಖ್ಯೆಯಲ್ಲಿ ಕಡಿಮೆ ಎಂದ ಮಾತ್ರಕ್ಕೆ ಅವರು ನಿಶ್ಚಿಂತರಾಗುವಂತಿಲ್ಲ. ಅವರ ಉದಾಸೀನದ ಫಲವನ್ನು ಮುಂದಿನವರೂ ಉಣ್ಣಬೇಕಾಗುತ್ತದೆ. 65 ಕಿಲೋ ತೂಕದ ಅಜ್ಜಿಯೊಬ್ಬರು ಹಿಂದಿನಿಂದ ಚಿಮ್ಮಿ ಬಂದರೆ ಬೆಲ್ಟ್ ಧರಿಸಿ ಕುಳಿತ ಮಗನೋ ಸೊಸೆಯೋ ಆಸನ ಮತ್ತು ಎದುರಿನ ಫಲಕಗಳ ನಡುವೆ ಜಜ್ಜಿಹೋಗುತ್ತಾರೆ. ಜಪಾನಿನ ಅಪಘಾತಗಳನ್ನು ಆಧರಿಸಿ 2002ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಿಂದಿನವರು ಬೆಲ್ಟ್ ಧರಿಸದಿದ್ದಾಗ ಬೆಲ್ಟ್ ಧರಿಸಿದ್ದ ಮುಂದಿನವರ ಸಾವಿನ ಸಂಭವ ಸುಮಾರು ಐದುಪಟ್ಟು ಹೆಚ್ಚುವುದು ಕಂಡುಬಂದಿತು. ಹಿಂದೆ ಕುಳಿತವರು ತಮ್ಮ ಹಣೆಬರಹ ತಮಗೆ ಎನ್ನುವಂತಿಲ್ಲ. ಮುಂದಿನವರ ಹಣೆಬರಹವೂ ಅವರ ಕೈಯಲ್ಲಿದೆ.

ಮಕ್ಕಳ ವಿಷಯವನ್ನು ಇನ್ನೂ ಒತ್ತಿ ಹೇಳಬೇಕಾಗಿದೆ. ತಾಯಿಯ ಮಡಿಲಿಗಿಂತ ಸುರಕ್ಷಿತ ಜಾಗ ಬೇರಿಲ್ಲ ಎಂಬುದು ಮನೆಯಲ್ಲಿ ನಿಜ, ಕಾರಿನಲ್ಲಿ ಅಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಢಿಕ್ಕಿಯಾಗಿ ನಿಂತ ಕ್ಷಣದಲ್ಲಿ 10 ಕಿಲೋ ತೂಕದ ಮಗುವನ್ನು ಹಿಡಿದು ನಿಲ್ಲಿಸಲು 140 ಕಿಲೋ ಭಾರವನ್ನು ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಆ ಶಕ್ತಿಯಿಲ್ಲ. ಮಗುವನ್ನು ಸೇರಿಸಿ ಒಂದೇ ಬೆಲ್ಟ್ ಕಟ್ಟಿಕೊಳ್ಳುವುದಂತೂ ಇನ್ನೂ ಅಪಾಯಕರ, ತಾಯಿಯ ದೇಹದ ಭಾರವೆಲ್ಲ ಮಗುವಿನ ಮೇಲೆಯೇ ಬೀಳುತ್ತದೆ. ಶಿಶುಗಳಿಗೆಂದೇ ಬೆಲ್ಟಿನಿಂದ ಬಿಗಿಯುವ ಪುಟ್ಟ ಆಸನಗಳು ದೊರೆಯುತ್ತವೆ. ಮೊಮ್ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಬೆಳ್ಳಿಯ ಬಟ್ಟಲು ಕೊಡುವ ಅಜ್ಜ–ಅಜ್ಜಿಯರು ಅದರ ಬದಲು ಇದನ್ನು ಕೊಟ್ಟರೆ ಯಾವ ಶಾಸ್ತ್ರಕ್ಕೂ ಭಂಗವಾಗದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮು 14 ವರ್ಷದೊಳಗಿನ ಮಕ್ಕಳನ್ನು ಹೀಗೆ ಬಿಗಿಯದೆ ಕರೆದೊಯ್ದರೆ ಚಾಲಕನಿಗೆ 1,000 ರೂಪಾಯಿ ದಂಡ ವಿಧಿಸುತ್ತದೆ. ದೊಡ್ಡವರು ಬೆಲ್ಟ್ ಧರಿಸದಿದ್ದರೂ ದಂಡ ಅಷ್ಟೆ.

ಬಸುರಿಯರು ಬೆಲ್ಟ್ ಧರಿಸಿದರೆ ಗರ್ಭಕ್ಕೆ ಪೆಟ್ಟಾದೀತೆಂಬ ಅಂಜಿಕೆ ಅನೇಕ ಮನೆಗಳಲ್ಲಿದೆ. ಧರಿಸುವ ಕ್ರಮವನ್ನು ತಿಳಿದರೆ ಅಂಜಿಕೆಗೆ ಕಾರಣವಿಲ್ಲ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಹಾಯದೆ ಅದರ ಕೆಳಗೆ, ತೊಡೆಯ ಸಂದಿಗೆ ಒತ್ತಿ ಸೊಂಟದ ಮೂಳೆಯ ಮೇಲೆ ಕೂರಬೇಕು. ಮೇಲಿನ ಪಟ್ಟಿ ಎರಡು ಸ್ತನಗಳ ನಡುವಿನಿಂದ ಇಳಿದು ಹೊಟ್ಟೆಯ ಪಕ್ಕಕ್ಕೆ ಸರಿಯಬೇಕು. ತಾಯಿ ಉಳಿಯುವುದೇ ಮಗು ಉಳಿಯುವುದಕ್ಕೆ ಮೊದಲ ದಾರಿ. ಎದೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಿರಿಯರು ಪಟ್ಟಿಯ ಅಡಿಗೆ ಮೆತ್ತನೆಯ ಚಿಕ್ಕ ಬಟ್ಟೆ ಇಟ್ಟುಕೊಳ್ಳಬಹುದು, ಆದರೆ ಬೆಲ್ಟ್ ಬಿಡಬಾರದು. ಇಷ್ಟಲಿಂಗಧಾರಿಗಳಾದ ಭಕ್ತರು ಕರಡಿಗೆಯ ಮೇಲೆ ಪಟ್ಟಿ ಬಿಗಿಯುವುದು ಸರಿಯೇ ಎಂದು ಕೇಳುತ್ತಾರೆ. ಪೆನ್ನು, ಮೊಬೈಲ್ ಮೊದಲಾಗಿ ಗಟ್ಟಿಯಾದ ಯಾವ ವಸ್ತುವೂ ಪಟ್ಟಿ ಮತ್ತು ಪಕ್ಕೆಲುಬಿನ ನಡುವೆ ಸಿಕ್ಕಿಕೊಳ್ಳಬಾರದು. ಕರಡಿಗೆಯನ್ನು ಶರೀರದಿಂದ ಬೇರ್ಪಡಿಸಬೇಕಿಲ್ಲ. ಕುಳಿತೊಡನೆ ಅದನ್ನು ಪಟ್ಟಿ ಹಾಯದ ಪಕ್ಕಕ್ಕೆ ಸರಿಸಿ, ಪಟ್ಟಿ ನೇರವಾಗಿ ಎದೆಗೆ ತಾಗುವಂತೆ ಧರಿಸಿದರೆ ಸಾಕು.

ಕಾರಿಗೆ ಬೆಂಕಿ ಹತ್ತಿದರೆ, ಕಾಲುವೆಗೆ ಉರುಳಿದರೆ ಬಿಡಿಸಿಕೊಳ್ಳುವುದು ಹೇಗೆಂಬ ಪ್ರಶ್ನೆಯೂ ಇದೆ. ಅಂಥ ಅಪಘಾತಗಳು ವಿರಳ. ಅವುಗಳಲ್ಲಿಯೂ ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದವನಿಗಿಂತ ಎಚ್ಚರವಾಗಿ ಕುಳಿತವನೇ ಬಕಲಿನ ಕೆಂಪು ಗುಂಡಿಯನ್ನು ಒತ್ತಿ ಹೊರಬರಬಲ್ಲ. ಏರ್‌ಬ್ಯಾಗ್ ಇದೆಯಲ್ಲ ಎನ್ನುವವರು ಅದು ಬೆಲ್ಟಿಗೆ ಪೂರಕವೇ ಹೊರತು ಬದಲಿಯಲ್ಲವೆಂಬುದನ್ನು ತಿಳಿಯಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಸಿಡಿದು ಉಬ್ಬುವ ಆ ಚೀಲಕ್ಕೆ ಬೆಲ್ಟಿಲ್ಲದ ದೇಹ ಎದುರುಬಿದ್ದರೆ ಚೀಲವೇ ಗಾಯ ಮಾಡುತ್ತದೆ.

ಇಷ್ಟೆಲ್ಲ ತಿಳಿದೂ ನಾವು ಹುಡುಕುವ ಉಪಾಯಗಳು ವಿಚಿತ್ರವಾಗಿವೆ. ಬೆಲ್ಟ್ ಹಾಕದಿದ್ದರೆ ಕಾರು ಕೂಗುತ್ತದಲ್ಲ, ಆ ಕೂಗನ್ನು ಅಡಗಿಸಲು ಬಕಲಿಗೆ ಸಿಕ್ಕಿಸುವ ಲೋಹದ ತುಂಡುಗಳು ಮಾರಾಟವಾಗುತ್ತಿದ್ದವು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಐದು ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಅವುಗಳನ್ನು ತೆಗೆದುಹಾಕುವಂತೆ ಆದೇಶಿಸಬೇಕಾಯಿತು. ಕಾಯಿಲೆ ತಿಳಿಸುವ ನಾಡಿಯನ್ನೇ ಕಟ್ಟಿಹಾಕುವ ಚಿಕಿತ್ಸೆ ಇದು.

ಅಪಘಾತದ ನಂತರ ಗಮನಿಸಬೇಕಾದುದೊಂದಿದೆ. ಹೆಗಲು, ಎದೆ ಅಥವಾ ಕೆಳಹೊಟ್ಟೆಯ ಮೇಲೆ ಬೆಲ್ಟಿನ ಅಗಲಕ್ಕೆ ಕೆಂಪಾದ, ಕಂದಿದ ಗುರುತು ಮೂಡಿದ್ದರೆ "ಏನೂ ಆಗಿಲ್ಲ" ಎಂದು ಮನೆಗೆ ಮರಳಬಾರದು. ಹೊಟ್ಟೆಯ ಮೇಲಿನ ಗುರುತು ಒಳಗೆ ಕರುಳಿಗೆ ಗಾಯವಾಗಿರುವ ಸೂಚನೆಯಾಗಿರಬಹುದು. ಅದರ ನೋವು ಕೆಲವು ಗಂಟೆಗಳ ಬಳಿಕ, ಒಮ್ಮೊಮ್ಮೆ ಮರುದಿನ ಕಾಣಿಸಿಕೊಳ್ಳುತ್ತದೆ. ವೈದ್ಯರಿಗೆ ಆ ಗುರುತನ್ನು ತೋರಿಸಿ ಬೆಲ್ಟ್ ಧರಿಸಿದ್ದೆನೆಂದು ಹೇಳಬೇಕು. ಒಮ್ಮೆ ದೊಡ್ಡ ಢಿಕ್ಕಿಯ ಭಾರ ಹೊತ್ತ ಬೆಲ್ಟನ್ನು ಮತ್ತೆ ಬಳಸದೆ ಹೊಸದನ್ನು ಹಾಕಿಸಬೇಕು.

ಇನ್ನು ಬಾಡಿಗೆ ವಾಹನಗಳ ಮಾತು. ಜಾತ್ರೆಯ ದಿನಗಳಲ್ಲಿ ಮಠದ ಆವರಣಕ್ಕೆ ಬರುವ ಬಾಡಿಗೆ ಕಾರುಗಳ ಹಿಂದಿನ ಆಸನಗಳನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತು. ಬೆಲ್ಟ್ ಇರುತ್ತದೆ, ಬಕಲ್ ಇರುವುದಿಲ್ಲ. ಹೊಸ ಸೀಟ್ ಕವರ್ ಹಾಕಿಸುವಾಗ ಬಕಲುಗಳು ಕವರಿನ ಅಡಿಯಲ್ಲಿಯೇ ಹೂತುಹೋಗಿರುತ್ತವೆ. ಪ್ರಯಾಣಿಕರು ಎಳೆದು ನೋಡಿ, ಸಿಕ್ಕಿಸಲು ಜಾಗ ಕಾಣದೆ ಬಿಟ್ಟುಬಿಡುತ್ತಾರೆ. ಆದ್ದರಿಂದ ಗಾಡಿ ಗೊತ್ತುಮಾಡುವ ಹೊತ್ತಿಗೇ, ದರ ಮಾತಾಡುವಾಗಲೇ, ಹಿಂದಿನ ಬಕಲುಗಳೆಲ್ಲ ಕವರಿನ ಹೊರಗಿರಬೇಕೆಂದು ಚಾಲಕರಿಗೆ ಹೇಳಿಬಿಡಿ. ಸ್ವಂತ ಕಾರುಳ್ಳವರು ಇಂದು ಸಂಜೆಯೇ ಹಿಂದಿನ ಆಸನದ ಸಂದಿಗೆ ಕೈ ಹಾಕಿ ಮೂರು ಬಕಲುಗಳೂ ಇವೆಯೇ ಎಂದು ನೋಡಿಕೊಳ್ಳಿ. ಕವರನ್ನು ಆ ಜಾಗದಲ್ಲಿ ಒಂದು ಅಂಗುಲ ಕತ್ತರಿಸಿ ಹೊಲಿಸಲು ಕಾಲು ಗಂಟೆಯೂ ಬೇಕಾಗದು.